ಫ್ರೀಜರ್ ಮುಂದಕ್ಕೆ ಇಡು

ಅಪ್ಪ,

ನಾನು ಕಾರನ್ನ ಜೋರಾಗಿ ಓಡಿಸ್ಲಿಲ್ಲ. ಹಾಡೂ ಹಾಕಿರ್ಲಿಲ್ಲ, ಫೋನೂ ಮುಟ್ಟಿರ್ಲಿಲ್ಲ. "ಶಾಲೆ ಬಿಟ್ಟೋನ ಕೈಗೆ ಸ್ಟೀರಿಂಗ್ ಕೊಟ್ಟಿದ್ದೇ ತಪ್ಪು" ಅಂತ ಬೀದಿಗೆಲ್ಲ ಕೇಳೋ ಹಾಗೆ ಕೂಗಿದೆಯಲ್ಲ, ಟ್ರೈಲರ್‌ಗೆ ಸಾಮಾನು ತುಂಬಿದ್ದು ಯಾರು? ನೀನು.

ಅಂಗಡಿ ಹಾಕೋ ಜಾಗದಲ್ಲಿ ಮೊದಲು ಇಳಿಸೋದು ಅದೇ ತಾನೆ ಅಂತ ಐಸ್‌ಕ್ರೀಮ್ ಫ್ರೀಜರನ್ನ ಯಾವಾಗ್ಲೂ ಕೊನೇಗೆ ಹತ್ತಿಸಿ ಹಿಂದಿನ ತುದೀಲಿ ಇಡ್ತೀಯ. ಮುಂದೆ ಬರೀ ಪ್ಲಾಸ್ಟಿಕ್ ಕುರ್ಚಿ. ಹಿಂದೆ ಭಾರ ಆದ್ರೆ ಕಾರಿಗೆ ಸಿಕ್ಕಿಸೋ ಮುಂದಿನ ಕೊಕ್ಕೆ ಮೇಲಕ್ಕೇಳುತ್ತೆ, ನಮ್ಮ ಪುಟಾಣಿ ಕಾರಿನ ಹಿಂಭಾಗಾನೂ ಎತ್ತುತ್ತೆ. ಇಳಿಜಾರಲ್ಲಿ ಟ್ರೈಲರ್ ನಾಯಿ ಬಾಲದ ಹಾಗೆ ಅಲ್ಲಾಡೋಕೆ ಶುರು ಮಾಡ್ತು. ನಾನು ಬ್ರೇಕ್ ಒತ್ತದೆ, ಆಕ್ಸಿಲರೇಟರ್ ಬಿಟ್ಟು, ಸ್ಟೀರಿಂಗ್ ನೆಟ್ಟಗೆ ಹಿಡ್ಕೊಂಡೆ. ಅದಕ್ಕೇ ಕೊಕ್ಕೆ ಕಳಚಿ ಟ್ರೈಲರ್ ಮಾತ್ರ ಮೋರಿಗೆ ಬಿತ್ತು, ಕಾರೂ ನಾನೂ ಬೀಳ್ಲಿಲ್ಲ. ನೀನು ಬಂದು ನೋಡಿದ್ದು ಫ್ರೀಜರನ್ನ. ನನ್ನ ಕಡೆ ತಿರುಗಿದ್ದು ಬೈಯೋಕೆ.

ಇವತ್ತು ಸಂಜೆ ಮೋರಿಯಿಂದ ಎತ್ತಿಸಿದ ಅದೇ ಟ್ರೈಲರ್ ಕಟ್ಟಿ ಅಕ್ಕನ್ನ ಕಳಿಸ್ತಿದ್ದೀಯ. ಅವಳ ಪಾಪೂನೂ ಕಾರಲ್ಲಿರುತ್ತೆ. ಇನ್ನೊಂದು ಫ್ರೀಜರನ್ನೂ ಹಿಂದಿನ ತುದೀಲೇ ಇಟ್ಟು ಕಟ್ಟಿದ್ದೀಯ! ಅಕ್ಕನಿಗೆ ಹೇಳಿದ್ರೆ, "ಅಪ್ಪನಿಗೆ ಗೊತ್ತಿಲ್ವೇನೋ? ದೊಡ್ಡ ಮೆಕ್ಯಾನಿಕ್ ಬಂದ" ಅಂತ ನಗ್ತಾಳೆ. ನಾನೊಬ್ಬನೇ ತಳ್ಳಿ ನೋಡಿದೆ, ಅದು ಜರುಗ್ಲಿಲ್ಲ. ಯಾರನ್ನಾದ್ರೂ ಕರ್ಕೊಂಡು, ಚಕ್ರಕ್ಕಿಂತ ಸ್ವಲ್ಪ ಮುಂದಕ್ಕೆ ಇಟ್ಟು ಹಗ್ಗ ಬಿಗಿ. ನಿಧಾನಕ್ಕೆ ಹೋಗು ಅಂತ ಅವಳಿಗೆ ನೀನೇ ಹೇಳು, ನಿನ್ನ ಮಾತಾದ್ರೆ ಕೇಳ್ತಾಳೆ.

ನಾನಿನ್ನು ಈ ಮನೇಲಿ ಇರಲ್ಲ. ನಾನು ಕೆಲಸ ಮಾಡೋ ಟೈರ್ ಅಂಗಡೀಲಿ ಮಲಗೋಕೆ ಜಾಗ ಇದೆ, ಹುಡುಕ್ಕೊಂಡು ಬರ್ಬೇಡ. ನೀನು ಊಟ ಮಾಡಿ ಗೊರಕೆ ಹೊಡೀತಿದ್ದೀಯ. ಈ ಕಾಗದ ನಿನ್ನ ಕನ್ನಡಕದ ಕೆಳಗೆ ಇಟ್ಟು, ಬಾಗಿಲನ್ನ ಧಡಾರ್ ಅಂತ ಹಾಕ್ಕೊಂಡು ಹೋಗ್ತೀನಿ. ಎಷ್ಟು ಬೇಕಾದ್ರೂ ಬೈಕೋ. ಆದ್ರೆ ಏಳು.

ನಿನ್ನ ಮಗ