ಎರಡು ಸ್ವರ ಕೆಳಗೆ

ಬನಿಯಾಸ್, ಅಬುಧಾಬಿ
೨೩ ನವೆಂಬರ್ ೨೦೨೫

ಪ್ರೀತಿಯ ಮಮ್ಮಿ,

ಮೊನ್ನೆ ಶುಕ್ರವಾರ ದುಬೈಯಲ್ಲಿ ಹಾಡಿದೆ, ಚೆನ್ನಾಗಿಯೇ ಹಾಡಿದೆ. ಮೊದಲು ಇಷ್ಟು ಓದಿ ಸಮಾಧಾನ ಮಾಡಿಕೊ. ಉಳಿದದ್ದನ್ನು ಕೂತುಕೊಂಡು ಓದು. ರಜೆಗೆ ಊರಿಗೆ ಹೊರಟ ರೊಸಲಿನ್ ಆಂಟಿಯ ಕೈಯಲ್ಲಿ ಇದನ್ನು ಕಳುಹಿಸುತ್ತಿದ್ದೇನೆ. ಫೋನಿನಲ್ಲಾದರೆ ನೀನು ಅಳುತ್ತೀ, ನಾನೂ ಅಳುತ್ತೇನೆ, ವಿಷಯ ಅಲ್ಲೇ ಉಳಿಯುತ್ತದೆ.

ಆಗಸ್ಟಿನಿಂದ ಬರೀ ಮೆಸೇಜ್ ಹಾಕುತ್ತಿದ್ದದ್ದು ಡ್ಯೂಟಿ ಜಾಸ್ತಿಯಾಗಿ ಅಲ್ಲ. ಕುತ್ತಿಗೆಯಲ್ಲಿ ಥೈರಾಯ್ಡ್ ಗಂಟು ಬೆಳೆದಿತ್ತು, ಆಪರೇಷನ್ ಆಯಿತು. "ಸ್ವರದ ನರ ಪಕ್ಕದಲ್ಲೇ ಇದೆ, ಹಾಡಿನ ಬಗ್ಗೆ ಭರವಸೆ ಕೊಡಲಾರೆ" ಎಂದು ಡಾಕ್ಟರ್ ಮೊದಲೇ ಹೇಳಿದ್ದರು. ಎಚ್ಚರವಾದಾಗ ಬಾಯಿಂದ ಬರೀ ಗಾಳಿ ಬಂತು.

ನಾನು ಕೆಲಸ ಮಾಡುವ ಆಸ್ಪತ್ರೆಯ ಕ್ರಿಸ್ಮಸ್ ಪಾರ್ಟಿಯಲ್ಲಿ ಅಮೆರಿಕದ ಹಳ್ಳಿ ಧಾಟಿಯ ಕಂಟ್ರಿ ಹಾಡು ಹಾಡಿದ ಈ ರಿಸೆಪ್ಷನ್ ಹುಡುಗಿಯನ್ನು ಅಲ್ ಬರ್ಷಾದ ಹೋಟೆಲಿನವರು ಕರೆದದ್ದು, ಅಲ್ಲಿಂದ ಮೊನ್ನೆಯ ಈ ದೊಡ್ಡ ವೇದಿಕೆ ಸಿಕ್ಕಿದ್ದು ನಿನಗೆ ಗೊತ್ತು. ಎಲ್ಲ ಕೈತಪ್ಪಿತು ಅಂದುಕೊಂಡೆ. ಕಾರ್ಯಕ್ರಮದವರು ಬೇರೆ ಹಾಡುಗಾರ್ತಿಯನ್ನು ಹುಡುಕತೊಡಗಿದರು. ನನ್ನ ಹಾಡಿಗೆ ಗಿಟಾರ್ ನುಡಿಸುವ ಶರ್ವಿನ್, "ಸ್ವಲ್ಪ ಕಾಯಿರಿ" ಎಂದು ಅವರನ್ನು ತಡೆದ. ಸ್ವರ ನಿಧಾನವಾಗಿ ಬಂತು, ಆದರೆ ಒರಟಾಗಿ. ಎತ್ತರಕ್ಕೆ ಹೋಗುತ್ತಲೇ ಇರಲಿಲ್ಲ. ಅವನು ನನ್ನ ಹಾಡುಗಳನ್ನೆಲ್ಲ ಎರಡು ಸ್ವರ ಕೆಳಗಿಳಿಸಿದ. "ಈಗ ಹಾಡು ಮಾರಾಯ್ತಿ. ಕಂಟ್ರಿಗೆ ಇಂಥ ಸ್ವರವೇ ಲಾಯ್ಕ್ ಉಂಟು" ಎಂದ.

ಶುಕ್ರವಾರ ವೇದಿಕೆಯಲ್ಲಿ ಮೊದಲ ಇಂಗ್ಲಿಷ್ ಹಾಡಿಗೆ ಜನ ಸುಮ್ಮನೆ ಕೂತಿದ್ದರು. ಆಮೇಲೆ ನಮ್ಮ ಕಿನ್ನಿಗೋಳಿ ಬಸ್ ಸ್ಟ್ಯಾಂಡಿನ ಮೇಲೆ ನಾನೇ ಕಟ್ಟಿದ ಕೊಂಕಣಿ ಹಾಡು ತೆಗೆದೆ, ಕಂಟ್ರಿ ಧಾಟಿಯಲ್ಲೇ. ಮಂಗಳೂರಿನ ಬಸ್ಸು ತಪ್ಪಿ, ಮುಡಿದ ಮಲ್ಲಿಗೆ ಬಾಡುವವರೆಗೂ ಕಾದು ಕೂತ ಹುಡುಗಿಯ ಹಾಡು. ಹಿಂದಿನ ಸಾಲಿನಲ್ಲಿ ಒಬ್ಬರು ಬ್ಯಾರಿ ಹೆಂಗಸು ಎದ್ದು ನಿಂತು, "ಇದು ನಮ್ಮೂರಿನದ್ದು" ಎಂದರು. ಕೊಂಕಣಿಯ ಒಂದಕ್ಷರ ಗೊತ್ತಿಲ್ಲದ ನಮ್ಮ ಆಸ್ಪತ್ರೆಯ ಫಿಲಿಪಿನೋ ನರ್ಸುಗಳೂ ತಾಳ ಹಾಕಿದರು. ಅದನ್ನೇ ಇನ್ನೊಮ್ಮೆ ಹಾಡಿಸಿದರು ಮಮ್ಮಿ. ಹೊಸ ವರ್ಷದ ಕಾರ್ಯಕ್ರಮಕ್ಕೂ ನನ್ನನ್ನೇ ಕರೆದಿದ್ದಾರೆ.

ಇನ್ನು ಫೋನ್ ಮಾಡುತ್ತೇನೆ. ಯಾರೋ ಗಂಡಸು ಎಂದುಕೊಂಡು ಇಟ್ಟುಬಿಡಬೇಡ.

ನಿನ್ನ ಮಗಳು
ಡೆಬೊರಾ

ತಾ.ಕ.: ಒಂದು ಮಾತು ಮೇಲೆ ಬರೆಯಲು ಕೈ ಬರಲಿಲ್ಲ. ಪಪ್ಪನನ್ನು ಕೊಂಡುಹೋದ ಕಾಯಿಲೆಯೇ ನನಗೂ ಬಂದಿರಬಹುದು ಎಂದು ಡಾಕ್ಟರಿಗೆ ಸಂಶಯವಿತ್ತು. ಗಂಟನ್ನು ಪರೀಕ್ಷೆ ಮಾಡಿಸಿದರು. ಅಲ್ಲವಂತೆ ಮಮ್ಮಿ. ಕ್ಯಾನ್ಸರ್ ಅಲ್ಲವಂತೆ.