ವಿಮಾನದ ಮೂಗಿಗೆ ಕುಂಕುಮ

ಮಧು,

ವಾಕಿಂಗಿಂದ ಬಂದವನೇ ಗರಾಜಿಗೆ ನುಗ್ಗಬೇಡ, ಮೊದಲು ಇದನ್ನ ಓದು.

ಅತ್ತೆ ಬೆಳಿಗ್ಗೇನೇ ಆಯುಧಪೂಜೆ ಮುಗಿಸಿದ್ದಾರೆ. ಕಾರಿಗಾಯ್ತು, ಮಿಕ್ಸಿಗಾಯ್ತು, ಆಮೇಲೆ ನಿನ್ನ ಮಾಡೆಲ್ ಯುದ್ಧವಿಮಾನಕ್ಕೂ ಆಯ್ತು. ನಾಲ್ಕು ತಿಂಗಳು ಕೂತು ಬಣ್ಣ ಬಳಿದೆಯಲ್ಲ, ಅದರ ಮೂಗಿನ ಮೇಲೆ ಕುಂಕುಮ! ನಿಂಬೆಹಣ್ಣು ದೊಡ್ಡದಾಯ್ತು ಅಂತ ಚಕ್ರದ ಕೆಳಗೆ ನಿಂಬೆಬೀಜ ಇಟ್ಟಿದ್ದಾರೆ.

ಶನಿವಾರ ಡಬ್ಲಿನ್‌ನಲ್ಲಿ ಮಾಡೆಲ್‌ಗಳ ಸ್ಪರ್ಧೆ ಇದೆ ಅಂತ ನನಗೂ ಗೊತ್ತು. ಅವರ ಮೇಲೆ ಕೂಗಾಡಬೇಡ, ತಪ್ಪು ನಂದೇ. "ಇದನ್ನ ಓಡಿಸ್ತಿದ್ದ ಹೈದ ಯಾರವ್ವ?" ಅಂತ ಕೇಳಿದ್ರು. ನೀನು ಹೇಳಿದ್ದನ್ನೇ ಹೇಳಿದೆ. ಯುದ್ಧದಲ್ಲಿ ಹನ್ನೊಂದು ವಿಮಾನ ಹೊಡೆದುರುಳಿಸಿದವನು, ಇಪ್ಪತ್ತೆರಡು ವರ್ಷದ ಹುಡುಗ, ಕೊನೇ ಸಲ ಹೋದವನು ವಾಪಸ್ ಬರಲಿಲ್ಲ ಅಂದೆ. ಆ ಹನ್ನೊಂದು ಅವರ ಕಿವಿಗೇ ಬೀಳಲಿಲ್ಲ. "ಹೊಂಟಾಗ ಯಾರೂ ಒಂದು ನಿಂಬೆಹಣ್ಣೂ ಇಟ್ಟಿರಲಿಲ್ವೇನೋ, ಪಾಪ" ಅಂತ ಎದ್ದು ಕುಂಕುಮದ ಬಟ್ಟಲು ತಂದ್ರು.

ಒಲೆ ಮೇಲೆ ಉಪ್ಪಿಟ್ಟಿದೆ, ಅತ್ತೆ ಜೊತೆ ಕೂತು ತಿನ್ನು. ನನಗೆ ಟ್ರೇನಿಗೆ ಹೊತ್ತಾಯ್ತು.

ಕುಂಕುಮ ಒರೆಸೋಕೆ ಒದ್ದೆ ಹತ್ತಿ ವಿಮಾನದ ಪಕ್ಕದಲ್ಲೇ ಇಟ್ಟಿದ್ದೀನಿ. ನಾನೇ ಒರೆಸೋಣ ಅಂತ ಎರಡು ಸಲ ಕೈಗೆತ್ತಿಕೊಂಡೆ, ಆಗಲಿಲ್ಲ. ನಿನ್ನ ಕೈಲಾದ್ರೆ ಒರೆಸು.

ಶರಣ್ಯಾ