ಬಿರಿದ ಕೊರೊವಾಯ್

ಬುಚಾಚ್
೨೫ ಅಕ್ಟೋಬರ್ ೨೦೧೧

ಪ್ರೀತಿಯ ಅಮ್ಮಾ,

ನಿನ್ನ ಮಂಡಿನೋವು ಹೇಗಿದೆ? ನೇಪಲ್ಸ್‌ನಲ್ಲಿ ನೀನು ನೋಡಿಕೊಳ್ಳುವ ಆ ಅಜ್ಜಿ ಈಗಲಾದರೂ ಎದ್ದು ಕೂರುತ್ತಾರೆಯೇ? ನಿನ್ನ ಮೊಮ್ಮಗಳ ಮದುವೆಯ ವಾರವೇ ಅವರು ಸೊಂಟ ಮುರಿದುಕೊಳ್ಳಬೇಕಿತ್ತೇ ಎಂದು ಶಪಿಸಿದೆ. ಆಮೇಲೆ ಅವರ ಹೆಸರಿನಲ್ಲಿ ಚರ್ಚಿಗೆ ಹೋಗಿ ಮೇಣದಬತ್ತಿ ಹಚ್ಚಿ ಬಂದೆ. ಎರಡನ್ನೂ ಮನಸಾರೆ ಮಾಡಿದೆ.

ಸೊಲೊಮಿಯಾಳ ಮದುವೆ ಚೆನ್ನಾಗಿಯೇ ಆಯಿತು. ಆದರೆ ಹಿಂದಿನ ದಿನ ಕೊರೊವಾಯ್ ನಮ್ಮೆಲ್ಲರ ಜೀವ ತಿಂದಿತು. ಆ ಮದುವೆಯ ರೊಟ್ಟಿಗೆ ಹಿಟ್ಟು ನಾದಲು ಗಂಡನೊಂದಿಗೆ ಸುಖವಾಗಿ ಬಾಳುತ್ತಿರುವ ಏಳು ಮುತ್ತೈದೆಯರೇ ಬೇಕೆಂದು ಪರಾಸ್ಕಾ ಚಿಕ್ಕಮ್ಮ ಹಟ ಹಿಡಿದಳು. ನಿನ್ನ ತಂಗಿ, ನಿನಗೆ ಗೊತ್ತೇ ಇದೆ. ವಿಧವೆಯಾದ ನಾನು ಹಿಟ್ಟು ಮುಟ್ಟಿದರೆ ಮಗಳ ಬಾಳೂ ನನ್ನಂತೆಯೇ ಆಗುತ್ತದಂತೆ. ನಾನು ಇಂಥದ್ದನ್ನು ನಂಬುವವಳಲ್ಲ ಎಂದುಕೊಂಡಿದ್ದೆ. ಹಾಗಾದರೆ ಹೊಸಿಲಾಚೆ ಬಾಯಿ ಮುಚ್ಚಿಕೊಂಡು ಏಕೆ ನಿಂತೆ?

ಏಳು ಜನ ಸಿಗುವುದೇ ಕಷ್ಟವಾಯಿತು. ಗನುಸ್ಯಾಳ ಹೆಸರು ಬಂದಾಗ, "ಅವಳ ಗಂಡ ಕುಡೀತಾನಲ್ಲ ಚಿಕ್ಕಮ್ಮಾ" ಎಂದೆ. "ಕುಡಿದ್ರೆ ಹಾಡ್ತಾನೆ, ಹೊಡೆಯಲ್ಲ. ಈ ಕಾಲಕ್ಕೆ ಅದೇ ಸುಖ, ಸೇರಿಸ್ಕೊ" ಎಂದಳು.

ಏಳೂ ಜನ ಹಾಡುತ್ತ ನಾದಿದರು, ಹಾಡುತ್ತ ಒಲೆಗಿಟ್ಟರು. ತೆಗೆದಾಗ ರೊಟ್ಟಿ ನೆತ್ತಿಯಿಂದ ಬುಡದವರೆಗೆ ಬಿರಿದಿತ್ತು. ಮದುವೆ ಮುರಿಯುವ ಶಕುನ! ಸೊಲೊಮಿಯಾ ಸುಣ್ಣದಂತೆ ಬಿಳಿಚಿಕೊಂಡಳು. ಬೀಗಿತ್ತಿ ಇದನ್ನು ಕಂಡರೆ ಮಗನ ಕೈ ಹಿಡಿದು ವಾಪಸು ಎಳೆದುಕೊಂಡು ಹೋಗುವವರೇ. ಹಾಡು ನಿಂತು, ಯಾರ ಸಂಸಾರ ಸರಿಯಿಲ್ಲದೆ ರೊಟ್ಟಿ ಬಿರಿಯಿತೆಂದು ಅಂಗಳದಲ್ಲಿ ಜಗಳ ಹತ್ತಿಕೊಂಡಿತು.

"ನಿನ್ನೆ ಗಂಡನ ಮೇಲೆ ಬೂಟು ಎಸೆದವಳು ಯಾರೇ?"

"ಎಸೆದೆ, ತಾಗ್ಲಿಲ್ಲ! ನಿನ್ ಗಂಡ ಬೇಸಿಗೆಯಿಂದ ಕೊಟ್ಟಿಗೇಲಿ ಮಲಗ್ತಾನಲ್ಲ, ಅದೇನು ಹಸು ಮೇಲಿನ ಪ್ರೀತಿಗಾ?"

ಹಿಟ್ಟು ಎರಡು ಸಲ ಉಬ್ಬುವಷ್ಟು ಹೊತ್ತು ಊರಿನ ಸುಖಸಂಸಾರಗಳೆಲ್ಲ ಒಂದೊಂದಾಗಿ ಬೀದಿಗೆ ಬಂದವು.

ಅಷ್ಟರಲ್ಲಿ ಇನ್ನೊಂದು ಕೊರೊವಾಯ್ ಬೆಂದು ಬಂತು. ಮೈಮೇಲೆ ಹಿಟ್ಟಿನ ಹಕ್ಕಿಗಳು, ಕೂದಲೆಳೆಯಷ್ಟೂ ಬಿರುಕಿಲ್ಲ. ಮರುದಿನ ಬೀಗಿತ್ತಿ ಅದಕ್ಕೆ ಒಂದು ಸುತ್ತು ಬಂದು, "ಸುಖವಾಗಿರೋರ ಕೈಗುಣ ಕಣ್ರೀ" ಎಂದರು. ಚಿಕ್ಕಮ್ಮ ತನಗೇ ಹೇಳಿದರೆಂಬಂತೆ ತಲೆಬಾಗಿದಳು. ಜಗಳದ ಭರದಲ್ಲಿ ಯಾರು ನಾದಿದರೆಂದು ಯಾರಿಗೂ ನೆನಪಿಲ್ಲ. ಆದರೆ ಈಗ ಏಳೂ ಜನ ‘ನಾದಿದ್ದು ನಾನೇ’ ಎನ್ನುತ್ತಿದ್ದಾರೆ.

ಸೊಲೊಮಿಯಾ ಮತ್ತು ಅಳಿಯ ಜೆಂಕೋ ನಿನಗೆ ನಮಸ್ಕಾರ ತಿಳಿಸಿದ್ದಾರೆ. ಮಂಡಿಗೆ ಉಣ್ಣೆಬಟ್ಟೆ ಕಟ್ಟಿಕೊ. ದೇವಮಾತೆ ನಿನ್ನನ್ನು ಕಾಯಲಿ.

ನಿನ್ನ ಮಗಳು,
ಸ್ತೆಫಾ

ತಾ.ಕ.: ನೇಪಲ್ಸ್‌ಗೆ ಕಾಗದ ಒಯ್ಯುವ ಬಸ್ಸಿನವನು ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಹೇಳಿಬಿಡುತ್ತೇನೆ. ಎರಡನೆಯದನ್ನು ನಾದಿದವಳು ನಾನು. ಅವರೆಲ್ಲ ಅಂಗಳದಲ್ಲಿದ್ದಾಗ ಸೊಲೊಮಿಯಾ ನನ್ನನ್ನು ಒಳಗೆಳೆದು ಚಿಲಕ ಹಾಕಿದಳು. "ಅಪ್ಪ ಇರೋವರೆಗೂ ನೀವಿಬ್ರೂ ನಗ್ತಾನೇ ಇದ್ರಿ. ನಂಗೆ ಅಂಥ ಸಂಸಾರ ಬೇಕು. ನೀನೇ ನಾದಮ್ಮ" ಎಂದಳು. ತೋಳು ಮಡಚಿಕೊಂಡು ನಾದಿದೆ. ತಪ್ಪು ಮಾಡಿದೆನೇ ಅಮ್ಮಾ? ಪೊಟ್ಟಣದಲ್ಲಿ ನಿನ್ನ ಪಾಲಿನ ತುಂಡಿದೆ. ಮೊದಲು ತಿನ್ನು, ಆಮೇಲೆ ಬೈ.